ಖಾಜಣ, ಗಜನಿ ಮತ್ತು ನಮ್ಮ ಸೊಸೈಟಿಯ ಹಿಂದಿನ ‘ಖಾಲಿ’ ಜಾಗ

ಹೋದ ವರ್ಷ ಮೇ ತಿಂಗಳ ಒಂದು ಭಾನುವಾರ ನಮ್ಮ ಸೊಸೈಟಿಯ ಜನರಲ್ ಬಾಡಿ ಮೀಟಿಂಗಿನಲ್ಲಿ ನಾನೊಂದು ಪ್ರೆಸೆಂಟೇಶನ್ ಕೊಟ್ಟೆ. ವಾರವಿಡೀ ಆಫೀಸಿನಲ್ಲಿ ಮಾಡುವುದು ಅದೇ ಕೆಲಸವಾದ್ದರಿಂದ ಹನ್ನೆರಡು ಸ್ಲೈಡು ಒಂದೇ ರಾತ್ರಿಯಲ್ಲಿ ತಯಾರಾಗಿದ್ದವು. ಕಳವಾದಲ್ಲಿ, ಖಾರೆಗಾಂವ್ ಬದಿಗಿರುವ ನಮ್ಮ ಕಟ್ಟಡದ ಹಿಂದಿನ ಗೋಡೆಯಾಚೆ ಸುಮಾರು ಎರಡು ಎಕರೆಯಷ್ಟು ತಗ್ಗು ಜಾಗವಿದೆ. ಮಳೆಗಾಲದಲ್ಲಿ ಮೊಣಕಾಲುದ್ದ ನೀರು, ಉಳಿದ ದಿನ ಒರಟು ಹುಲ್ಲು, ಅಂಚಿನಲ್ಲಿ ಒಂದಷ್ಟು ಕಾಂಡ್ಲಾ ಗಿಡ, ಹೋದ ಗಣಪತಿ ಹಬ್ಬದ ಥರ್ಮೋಕೋಲು, ಬೆಳ್ಳಕ್ಕಿ. ಅದನ್ನು ಉದ್ಯಾನ ಮಾಡಿಕೊಡಿ ಎಂದು ನಗರಪಾಲಿಕೆಗೆ ಮನವಿ ಕೊಡುವುದು ನಮ್ಮ ಉದ್ದೇಶ. ಐದನೇ ಸ್ಲೈಡಿನ ತಲೆಬರಹ: ‘ಬಳಕೆಯಾಗದ ಹಸಿರು ಜಾಗ, 2 ಎಕರೆ’. ಒಂದೂವರೆ ಮೀಟರ್ ಮುರುಮ್ ಮಣ್ಣು ತುಂಬಿಸಿ ಎತ್ತರಿಸುವುದು, ಮೇಲೆ ಲಾನ್, ಸುತ್ತ ಜಾಗಿಂಗ್ ಟ್ರ್ಯಾಕ್, ಮೂಲೆಯಲ್ಲಿ ಓಪನ್ ಜಿಮ್, ನಡುವೆ ಸಂಗೀತ ಕಾರಂಜಿ. ಕಾರಂಜಿಗೆ ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನಲ್ಲಿ ಕೂತಿದ್ದ ಕಾಕಾ ಒಬ್ಬರು ಕೈ ಎತ್ತಿದರು. ಖಾರೆಗಾಂವಿನ ಮೂಲ ನಿವಾಸಿ, ಆಗ್ರಿ ಸಮುದಾಯದವರು. ನಮ್ಮ ಕಟ್ಟಡ ನಿಂತಿರುವ ನೆಲದಲ್ಲಿ ಅವರ ಮನೆಯವರ ಪಾಲೂ ಇತ್ತಂತೆ; ಬದಲಿಗೆ ಒಂದನೇ ಮಹಡಿಯಲ್ಲಿ ಫ್ಲ್ಯಾಟು ಸಿಕ್ಕಿದೆ. ಅವರು ಮರಾಠಿಯಲ್ಲಿ ಕೇಳಿದ್ದು ಇಷ್ಟೇ: “ಸಾಹೇಬ, ಅದು ಖಾಲಿ ಜಾಗ ಅಂತ ನಿಮಗೆ ಯಾರು ಹೇಳಿದರು? ಅದು ಖಾಜಣ. ಮಣ್ಣು ತುಂಬಿಸಿದ ಮೇಲೆ ನೀರು ಎಲ್ಲಿ ಹೋಗಿ ಕೂರಬೇಕು?”

ಕಾರ್ಯದರ್ಶಿಗಳು “ಕಾಕಾ, ಡ್ರೈನೇಜ್ ಲೈನ್ ಇದೆ” ಅಂತ ಮುಂದಿನ ವಿಷಯಕ್ಕೆ ಹೋದರು. ನಾನು ಮಾತ್ರ ಆ ಒಂದು ಪದದಲ್ಲಿ ಸಿಕ್ಕಿಬಿದ್ದೆ. ಖಾಜಣ. ನಾನು ಕುಮಟಾ ಬದಿಯವನು. ಅಘನಾಶಿನಿ ನದಿ ಸಮುದ್ರ ಸೇರುವ ಮುಂಚೆ ಹರಡಿಕೊಂಡು ಮಲಗುವ ಜಾಗದಲ್ಲಿ, ಹೆಗಡೆ, ಮಾಣಿಕಟ್ಟಾ, ಮಿರ್ಜಾನ್, ಲುಕ್ಕೇರಿ ಕಡೆ, ಉಪ್ಪುನೀರಿನ ತಗ್ಗು ಗದ್ದೆಗೆ ನಾವು ಹೇಳುವುದು ಗಜನಿ. ಗೋವಾದಲ್ಲಿ ಅದನ್ನೇ ಖಾಜಾನ್ ಅನ್ನುತ್ತಾರೆ. ಖಾಜಣ, ಖಾಜಾನ್, ಗಜನಿ: ಕರಾವಳಿಯುದ್ದಕ್ಕೂ ಉಚ್ಚಾರ ಬದಲಾಗುತ್ತ ಬಂದ ಒಂದೇ ಪದವಿದು ಅಂತ ನನಗನ್ನಿಸುತ್ತದೆ. ಕಾಂಡ್ಲಾ ಗಿಡಕ್ಕೆ ಮರಾಠಿಯಲ್ಲಿ ಕಾಂದಳ ಅನ್ನುವ ಹಾಗೆ. ಇಪ್ಪತ್ತು ವರ್ಷ ಈ ಊರಲ್ಲಿದ್ದು, ಪ್ರತಿದಿನ ಖಾರೆಗಾಂವ್ ಎಂಬ ಹೆಸರನ್ನು ರಿಕ್ಷಾದವನಿಗೆ ಹೇಳುತ್ತಿದ್ದರೂ ಅದರೊಳಗಿನ ಉಪ್ಪು ನನ್ನ ನಾಲಿಗೆಗೆ ತಾಗಿರಲಿಲ್ಲ.

ಗಜನಿಯನ್ನು ಕಾಣದವರಿಗೆ ಅದರ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೇ ನಿಂತಿದೆ. ನದಿಗೂ ಗದ್ದೆಗೂ ನಡುವೆ ಒಂದು ಮಣ್ಣಿನ ಕಟ್ಟು. ಕಟ್ಟಿಗೆ ಅಲ್ಲಲ್ಲಿ ಮರದ ಬಾಗಿಲು. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಮಳೆಗಾಲದಲ್ಲಿ ಭರತ ಬಂದಾಗ ಬಾಗಿಲು ಮುಚ್ಚುತ್ತದೆ, ಉಪ್ಪುನೀರು ಒಳಗೆ ಬರುವುದಿಲ್ಲ. ಗುಡ್ಡದಿಂದ ಇಳಿದ ಮಳೆನೀರು ಗದ್ದೆಯಲ್ಲೇ ತಂಗುತ್ತದೆ. ಇಳಿತ ಶುರುವಾದಾಗ ಬಾಗಿಲು ತೆರೆದು ಆ ನೀರು ನೆಲದ ಉಪ್ಪನ್ನೂ ತೊಳೆದುಕೊಂಡು ಹೊರಗೆ ಹೋಗುತ್ತದೆ. ಉಪ್ಪು ಇಳಿದ ಮೇಲೆ ಮೊಳಕೆ ಬಂದ ಕಗ್ಗ ಭತ್ತ ಬಿತ್ತುತ್ತಾರೆ. ಕಗ್ಗ ಎತ್ತರದ ಪೈರು, ಕೆಲವು ದಿನ ನೀರಲ್ಲಿ ಮುಳುಗಿದರೂ, ಸ್ವಲ್ಪ ಉಪ್ಪು ತಾಗಿದರೂ ಸಾಯುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ತೆನೆ ಕೊಯ್ದ ಮೇಲೆ ಬಾಗಿಲು ತೆರೆದಿಟ್ಟರೆ ಭರತದ ಜೊತೆ ಸಿಗಡಿ, ಮೀನಿನ ಮರಿ ಒಳಬರುತ್ತವೆ. ಉಳಿದ ಕೂಳೆ ಕೊಳೆತು ಅವಕ್ಕೆ ಆಹಾರ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ಗಜನಿಯೊಳಗೆ ಯಾರ ಪಾಲು ಎಷ್ಟು ಅಂತ ಇದ್ದರೂ ಬಾಗಿಲು ಮತ್ತು ಕಟ್ಟು ಎಲ್ಲರಿಗೂ ಸೇರಿದ್ದು. ಒಬ್ಬ ತನ್ನ ಪಾಲಿನ ಕಟ್ಟು ನೋಡಿಕೊಳ್ಳದಿದ್ದರೆ ಇಡೀ ಊರಿನ ಪೈರು ಹೋಗುತ್ತದೆ.

ನಮ್ಮ ಮನೆಗೂ ಒಂದು ಎಕರೆ ಚಿಲ್ಲರೆ ಪಾಲಿತ್ತು. ಅಜ್ಜನ ಕಾಲಕ್ಕೆ ಕಗ್ಗ ಬರುತ್ತಿತ್ತು. 1990ರ ಸುಮಾರಿಗೆ ಸಿಗಡಿ ಕೃಷಿಯ ಭರಾಟೆ ಬಂದಾಗ ಪಾಲುದಾರರೆಲ್ಲ ಸೇರಿ ಗುತ್ತಿಗೆಗೆ ಕೊಟ್ಟರು. ವರ್ಷವಿಡೀ ಉಪ್ಪುನೀರು ನಿಂತಿತು. ಆ ದಶಕದ ನಡುವೆ ಬಿಳಿಚುಕ್ಕೆ ರೋಗ ಬಂದು ಸಿಗಡಿ ಸತ್ತಿತು, ಗುತ್ತಿಗೆಯವರು ಹೋದರು, ಕಟ್ಟು ಒಡೆಯಿತು, ಬಾಗಿಲಿನ ಹಲಗೆ ಯಾರದೋ ಒಲೆಗೆ ಹೋಯಿತು. ಆಮೇಲೆ ಅಲ್ಲಿ ಕಾಂಡ್ಲಾ ಬಂತು. ಅಪ್ಪ ತೀರಿಕೊಂಡ ಮೇಲೆ ನಾವು ಅಣ್ಣತಮ್ಮಂದಿರು ಪಾಲುಪಟ್ಟಿ ಮಾಡಿಕೊಂಡಾಗ ಪಟ್ಟಿ ಟೈಪು ಮಾಡಿದ್ದು ನಾನು. ಗಜನಿಯ ಮುಂದಿನ ಕಾಲಂನಲ್ಲಿ ‘ಪಾಳು’ ಅಂತ ಬರೆದು ಅದಕ್ಕೆ ಬೆಲೆ ಸೊನ್ನೆ ಹಾಕಿದ್ದೂ ನಾನು. ಐದನೇ ಸ್ಲೈಡು ಬರೆದ ಕೈ ಅದೇ.

ಇನ್ನೊಂದು ಮುಜುಗರದ ಸಂಗತಿಯನ್ನೂ ಹೇಳಿಬಿಡುತ್ತೇನೆ. ನಾನು ಸುರತ್ಕಲ್‌ನಲ್ಲಿ ಎಂ.ಟೆಕ್. ಮಾಡಿದ್ದು ಜಲಸಂಪನ್ಮೂಲದಲ್ಲಿ. ನೀರು ಒಂದೇ ದಿಕ್ಕಿಗೆ ಹಾಯುವಂತೆ ಮಾಡುವ ಫ್ಲ್ಯಾಪ್ ಗೇಟಿನ ಬಗ್ಗೆ ಪರೀಕ್ಷೆಯಲ್ಲಿ ಚಿತ್ರ ಸಹಿತ ಉತ್ತರ ಬರೆದವನು. ಕ್ಯಾಂಪಸ್ ಸಂದರ್ಶನದಲ್ಲಿ ಸಾಫ್ಟ್‌ವೇರ್ ಕಂಪನಿ ಎತ್ತಿಕೊಂಡು ಹೋಯಿತು. ಈಗ ಐರೋಲಿಯಲ್ಲಿ ಕೂತು ಯಾವುದೋ ದೇಶದ ವಿಮಾ ಕಂಪನಿಯ ಪ್ರಾಜೆಕ್ಟು ನೋಡಿಕೊಳ್ಳುತ್ತೇನೆ. ಅಜ್ಜನ ಬಾಗಿಲನ್ನೂ ಪುಸ್ತಕದ ಗೇಟನ್ನೂ ನನ್ನ ಮನೆಯ ಹಿಂದಿನ ತಗ್ಗನ್ನೂ ಜೋಡಿಸಿ ನೋಡಲು ಕಾಕಾ ಬೇಕಾಯಿತು.

ಮೀಟಿಂಗಾದ ಮೇಲೆ ಓದಲು ಶುರು ಮಾಡಿದೆ. ಲೋಕಲ್ ರೈಲಿನಲ್ಲಿ ಮೊಬೈಲಿನಲ್ಲೇ ಓದಿದ್ದು ಹೆಚ್ಚು. ಬ್ರಿಟಿಷರ ಕಾಲದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರುಗಳಲ್ಲಿ ಠಾಣೆಯ ಸಂಪುಟ 1882ರದ್ದು, ಕೆನರಾ ಸಂಪುಟ 1883ರದ್ದು. ಎರಡಕ್ಕೂ ಸಂಪಾದಕ ಒಬ್ಬನೇ, ಜೇಮ್ಸ್ ಕ್ಯಾಂಪ್‌ಬೆಲ್. ಉತ್ತರ ಕನ್ನಡ 1862ರಿಂದ 1956ರವರೆಗೆ ಬಾಂಬೆಯ ಆಡಳಿತಕ್ಕೆ ಸೇರಿತ್ತು ಎಂಬುದನ್ನು ಶಾಲೆಯಲ್ಲಿ ಓದಿರುತ್ತೇವೆ. ಅದರ ಅರ್ಥವೇನೆಂದು ಯೋಚಿಸಿರುವುದಿಲ್ಲ. ನನ್ನ ಹುಟ್ಟೂರೂ ಈಗಿನ ಊರೂ ತೊಂಬತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಸರಕಾರದ ಕಡತದಲ್ಲಿದ್ದವು. ಕೊಂಕಣದಲ್ಲಿ ಉಪ್ಪು ಜೌಗಿಗೆ ಕಟ್ಟು ಹಾಕಿ ಗದ್ದೆ ಮಾಡಿಕೊಂಡವರಿಗೆ ಶಿಲೋತ್ರಿ ಎಂಬ ಪ್ರತ್ಯೇಕ ಹಿಡುವಳಿ ಪದ್ಧತಿಯೇ ಇತ್ತು. ನಮ್ಮಲ್ಲಿ ಗಜನಿಯ ಬಾಗಿಲು ಇದ್ದಂತೆ ಅವರಲ್ಲಿ ಉಘಾಡಿ. ಗೋವಾದವರು ಮಾನಸ ಅನ್ನುತ್ತಾರೆ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬಾಂಬೆ ಸರಕಾರ ಖಾರ್ ಲ್ಯಾಂಡ್ಸ್ ಕಾಯ್ದೆ ಮಾಡಿತು. ಉಪ್ಪುನೀರು ನುಗ್ಗುವ ನೆಲಕ್ಕೆ ಕಟ್ಟು ಕಟ್ಟುವುದು, ಇದ್ದ ಕಟ್ಟುಗಳನ್ನು ದುರಸ್ತಿ ಮಾಡುವುದು, ಅದಕ್ಕೊಂದು ಮಂಡಳಿ. ನಮ್ಮೂರಿನ ಹಿರಿಯರು ಗಜನಿಯ ಕಲ್ಲಿನ ಕಟ್ಟಿಗೆ ‘ಖಾರ್‌ಲ್ಯಾಂಡಿನವರ ಕಟ್ಟು’ ಅನ್ನುವುದು ಈ ಬಾಬತ್ತಿನಿಂದಲೇ. ಹಸಿವಿನ ದಿನಗಳವು, ಹೊಲಕ್ಕೆ ಸಿಗಬಹುದಾದ ಪ್ರತಿ ಗುಂಟೆಯನ್ನೂ ಸರಕಾರ ಲೆಕ್ಕ ಹಾಕುತ್ತಿತ್ತು. ನಾನು ಗಮನಿಸಿದ್ದೇನೆಂದರೆ, ಆ ಕಾಯ್ದೆಯ ಕಣ್ಣಿಗೆ ಖಾಜಣ ಖಾಲಿ ಜಾಗವಾಗಿರಲಿಲ್ಲ. ಅದಕ್ಕೊಂದು ಕೆಲಸವಿತ್ತು, ಕಾವಲಿತ್ತು, ಖರ್ಚಿತ್ತು.

ಇದಾಗಿ ಹದಿನೇಳು ವರ್ಷಕ್ಕೆ ನೋಟ ಬದಲಾಯಿತು. 1965ರಲ್ಲಿ ಮಾರ್ಗ್ ಪತ್ರಿಕೆಯ ಒಂದು ಸಂಚಿಕೆ ಮುಂಬಯಿಯ ಭವಿಷ್ಯಕ್ಕೇ ಮೀಸಲಾಗಿ ಬಂತು. ಸಂಪಾದಕರು ಮುಲ್ಕ್ ರಾಜ್ ಆನಂದ್. ಅದರಲ್ಲಿ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಎಂಜಿನಿಯರ್ ಶಿರೀಷ್ ಪಟೇಲ್ ಒಂದು ಪ್ರಸ್ತಾವ ಮುಂದಿಟ್ಟರು. ಮುಂಬಯಿ ಉತ್ತರಕ್ಕೆ ಉದ್ದವಾಗುತ್ತಲೇ ಹೋದರೆ ಉಸಿರುಗಟ್ಟುತ್ತದೆ. ಖಾಡಿಯ ಆಚೆ ದಡದಲ್ಲಿ ಹೊಸ ನಗರ ಕಟ್ಟೋಣ. ಮೂವರೂ ಆಗ ಮೂವತ್ತು ನಲವತ್ತರ ಆಸುಪಾಸಿನವರು. ಆ ವಯಸ್ಸಿನಲ್ಲಿ ನಾನು ಎಕ್ಸೆಲ್ ಶೀಟಿಗೆ ಬಣ್ಣ ಹಚ್ಚುತ್ತಿದ್ದೆ ಎಂಬುದು ನೆನಪಾಗಿ ಅವರ ಮೇಲೆ ಗೌರವ ಹೆಚ್ಚಿತು. 1970ರ ಮಾರ್ಚಿನಲ್ಲಿ ಸಿಡ್ಕೊ ಹುಟ್ಟಿತು. ಕೊರಿಯಾ ಕೆಲಕಾಲ ಅದರ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. ಗೊತ್ತುಮಾಡಿದ ಪ್ರದೇಶ 344 ಚದರ ಕಿಲೋಮೀಟರ್. ಠಾಣೆ ಜಿಲ್ಲೆಯಲ್ಲೂ ಆಗಿನ ಕೊಲಾಬಾ, ಈಗಿನ ರಾಯಗಡ ಜಿಲ್ಲೆಯಲ್ಲೂ ಹರಡಿದ ತೊಂಬತ್ತರ ಆಸುಪಾಸಿನಷ್ಟು ಹಳ್ಳಿಗಳು.

ಮುಂಬಯಿಯಿಂದ ನೋಡಿದವರಿಗೆ ಆಚೆ ದಡ ಖಾಲಿಯೇ. ಆದರೆ ಅಲ್ಲಿ ಆಗ್ರಿಗಳು ಭತ್ತ ಬೆಳೆಯುತ್ತಿದ್ದರು, ಉಪ್ಪು ಮಾಡುತ್ತಿದ್ದರು. ಕೋಳಿಗಳು ಮೀನು ಹಿಡಿಯುತ್ತಿದ್ದರು. ಭೂಸ್ವಾಧೀನದ ಪರಿಹಾರಕ್ಕಾಗಿ ದಿ. ಬಾ. ಪಾಟೀಲರ ಮುಂದಾಳ್ತನದಲ್ಲಿ ಎದ್ದ ಚಳವಳಿ 1984ರ ಜನವರಿಯಲ್ಲಿ ಉರಣ್ ತಾಲೂಕಿನ ಜಾಸಯಿ ಬಳಿ ಗೋಲಿಬಾರಿಗೆ ತಿರುಗಿ ಐವರು ಸತ್ತರು. ಭೂಮಿ ಕಳೆದುಕೊಂಡವರಿಗೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಶೇಕಡಾ 12.5 ಪಾಲು ಎಂಬ ಯೋಜನೆ ಬಂದದ್ದು ಆ ಹೋರಾಟದ ಫಲ. ನಾವು ನಮ್ಮ ಆಫೀಸಿನ ಗಾಜಿನ ಕಿಟಕಿಯಿಂದ ನೋಡುವ ಐರೋಲಿ, ಘಣಸೋಲಿ, ಕೋಪರಖೈರಣೆ ಎಲ್ಲ ಹಳ್ಳಿಗಳ ಹೆಸರುಗಳು. ಹೆಸರು ಉಳಿದಿದೆ, ಸೆಕ್ಟರ್ ನಂಬರು ಅದರ ಮೇಲೆ ಕೂತಿದೆ.

ಇಷ್ಟು ಹೇಳಿ ಯೋಜಕರನ್ನು ಬೈದು ಮುಗಿಸಿದರೆ ಸುಲಭವಾಗುತ್ತಿತ್ತು. ಆದರೆ ನೀರಿನ ವಿಷಯದಲ್ಲಿ ಅವರು ಒಂದು ಜಾಣ ಕೆಲಸ ಮಾಡಿದ್ದಾರೆ. ಈ ದಡದ ಭೂಗೋಳ ನೋಡಿ: ಪೂರ್ವಕ್ಕೆ ಪಾರಸಿಕ್ ಗುಡ್ಡದ ಸಾಲು, ಪಶ್ಚಿಮಕ್ಕೆ ಠಾಣೆ ಖಾಡಿ, ನಡುವೆ ಇಕ್ಕಟ್ಟಾದ ಬಯಲು. ಆ ಬಯಲಿನ ಬಹುಭಾಗ ದೊಡ್ಡ ಭರತದ ಮಟ್ಟಕ್ಕಿಂತ ಕೆಳಗಿದೆ. ಗುಡ್ಡದ ಮಳೆ ಕೆಲವೇ ಕಿಲೋಮೀಟರ್ ಓಡಿ ಖಾಡಿ ಸೇರಬೇಕು. ಅದೇ ಹೊತ್ತಿಗೆ ಭರತ ಬಂದರೆ ಬಾಯಿ ಕಟ್ಟುತ್ತದೆ. ಎರಡು ದಾರಿ ಇದ್ದವು. ಇಡೀ ಬಯಲನ್ನು ಭರತಕ್ಕಿಂತ ಮೇಲಕ್ಕೆ ಮಣ್ಣು ತುಂಬಿ ಎತ್ತುವುದು. ಅದಕ್ಕೆ ಪಾರಸಿಕ್ ಗುಡ್ಡವನ್ನೇ ಕಡಿದು ತರಬೇಕು. ಇಲ್ಲವೇ ನೆಲವನ್ನು ತಗ್ಗಾಗಿಯೇ ಬಿಟ್ಟು, ಖಾಡಿಯ ಅಂಚಿಗೆ ಕಟ್ಟು ಹಾಕಿ, ಒಳಗೆ ದೊಡ್ಡ ಹೊಂಡಗಳನ್ನು ಮಾಡಿ, ಭರತದ ಹೊತ್ತಿನಲ್ಲಿ ಮಳೆನೀರನ್ನು ಅಲ್ಲಿ ನಿಲ್ಲಿಸಿಕೊಂಡು ಇಳಿತದಲ್ಲಿ ಬಿಡುವುದು. ಸಿಡ್ಕೊ ಎರಡನೆಯದನ್ನು ಆರಿಸಿಕೊಂಡಿತು. ವಾಶಿ, ನೆರೂಳ್, ಬೇಲಾಪುರಗಳ ಹೋಲ್ಡಿಂಗ್ ಪಾಂಡುಗಳು ಹೀಗೆ ಬಂದವು. ಖಾಡಿಯ ಕಡೆಗೆ ಒಮ್ಮುಖ ಬಾಗಿಲು. ಹೊರಗಿನ ನೀರು ಏರಿದರೆ ಅದರ ಒತ್ತಡಕ್ಕೇ ಮುಚ್ಚಿಕೊಳ್ಳುತ್ತದೆ, ಇಳಿದರೆ ಒಳಗಿನ ನೀರಿನ ಒತ್ತಡಕ್ಕೆ ತೆರೆದುಕೊಳ್ಳುತ್ತದೆ. ಪಂಪು ಬೇಡ, ಕರೆಂಟು ಬೇಡ.

ಇದನ್ನು ಎಲ್ಲರೂ ಡಚ್ ತಂತ್ರಜ್ಞಾನ ಅನ್ನುತ್ತಾರೆ. ಸಮುದ್ರಕ್ಕಿಂತ ಕೆಳಗೆ ಬದುಕುವ ವಿದ್ಯೆಯಲ್ಲಿ ಹಾಲೆಂಡಿನವರು ಪಳಗಿದವರು ನಿಜ, ಅವರಿಂದ ಕಲಿತದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಹೋಲ್ಡಿಂಗ್ ಪಾಂಡಿನ ನಕಾಶೆಯನ್ನು ನನ್ನ ಆಯಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದಾಗ ಅವಳು ಒಂದೇ ನೋಟಕ್ಕೆ “ಇದು ಗಜನಿಯಲ್ಲವಾ ತಮಾ? ಭತ್ತ ಒಂದಿಲ್ಲ ಅಷ್ಟೇ” ಅಂದಳು. ಅಲ್ಲಿನ ಖಾಜಣ ಕೊಂಡುಕೊಂಡು, ಅದನ್ನು ಮುಚ್ಚಿ, ಅದರದೇ ಕೆಲಸ ಮಾಡಲು ಮತ್ತೆ ಖಾಜಣದಂಥದ್ದನ್ನೇ ತೋಡಿ, ಹಾಲೆಂಡಿನ ಹೆಸರಿಟ್ಟಿದ್ದೇವೆ.

ನೆರೂಳಿನಲ್ಲಿ ಪಾಮ್ ಬೀಚ್ ರಸ್ತೆಯ ಪಕ್ಕ ‘ಜ್ಯುವೆಲ್ ಆಫ್ ನವಿ ಮುಂಬಯಿ’ ಎಂಬ ಜಾಗವಿದೆ. ನೀವು ಆ ಕಡೆಯವರಾದರೆ ಒಮ್ಮೆಯಾದರೂ ಅಲ್ಲಿ ನಡೆದಿರುತ್ತೀರಿ. ದೊಡ್ಡ ಕೆರೆಯಂಥ ನೀರು, ಸುತ್ತ ನಡೆಯುವ ದಾರಿ, ಬೆಂಚು, ಮರ, ಬೆಳಿಗ್ಗೆ ನಗೆಕೂಟದವರ ಹಾಹಾಕಾರ. ಆ ನೀರು ಹೋಲ್ಡಿಂಗ್ ಪಾಂಡೇ. ಪ್ರವೇಶವಿಲ್ಲದ ಚರಂಡಿ ಹೊಂಡದ ಹಾಗೆ ಬಿದ್ದಿರಬಹುದಾಗಿದ್ದ ಜಾಗವನ್ನು ಮಹಾನಗರಪಾಲಿಕೆ ಜನ ಕಾಲಿಡುವಂತೆ ಮಾಡಿತು, ಆದರೆ ತಗ್ಗನ್ನು ತಗ್ಗಾಗಿಯೇ ಬಿಟ್ಟಿತು. ಈ ಭಾಗದಲ್ಲಿ ನಾನು ನೋಡಿದ ಭೂದೃಶ್ಯ ವಿನ್ಯಾಸಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದು. ಒಂದೇ ಕೊರಗು: ದಾರಿಯುದ್ದಕ್ಕೂ ‘ಉಗುಳಬೇಡಿ’, ‘ನಾಯಿ ತರಬೇಡಿ’ ಫಲಕಗಳಿವೆ, ಈ ನೀರು ಇಲ್ಲೇಕಿದೆ ಎಂದು ಹೇಳುವ ಫಲಕ ನನಗೆ ಕಾಣಲಿಲ್ಲ.

ಅದು ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಲಬಾರ್ ಹಿಲ್ ನೋಡಿ. ಹ್ಯಾಂಗಿಂಗ್ ಗಾರ್ಡನ್ನಿಗೆ ಊರಿಂದ ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗಿದ್ದೇವೆ. ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಪೊದೆಗಳ ಮುಂದೆ ಫೋಟೋ ತೆಗೆದಿದ್ದೇವೆ. ಆ ಹುಲ್ಲುಹಾಸಿನ ಕೆಳಗೆ ದಕ್ಷಿಣ ಮುಂಬಯಿಗೆ ನೀರು ಕೊಡುವ ಬ್ರಿಟಿಷರ ಕಾಲದ ಜಲಾಶಯವಿದೆ. ಉದ್ಯಾನ ಅದರ ಮುಚ್ಚಳ. ಈಚಿನ ವರ್ಷಗಳಲ್ಲಿ ಜಲಾಶಯವನ್ನು ಹೊಸದಾಗಿ ಕಟ್ಟಲು ಮರ ಕಡಿಯಬೇಕೆಂಬ ಪ್ರಸ್ತಾವ ಬಂದು ಅಲ್ಲಿಯ ನಾಗರಿಕರು ವಿರೋಧಿಸಿದಾಗಲೇ ಎಷ್ಟೋ ಮುಂಬಯಿಗರಿಗೆ ತಾವು ನೀರಿನ ತೊಟ್ಟಿಯ ಮೇಲೆ ಭೇಲ್ ತಿನ್ನುತ್ತಿದ್ದೆವೆಂದು ತಿಳಿದದ್ದು.

ಬೆಂಗಳೂರಿನಿಂದ ಬಂದ ಓದುಗರು ನಗುವುದು ಬೇಡ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಮಡಿಲಲ್ಲಿದೆ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಮಡಿಲಲ್ಲಿ. ಸಂಪಂಗಿಯಲ್ಲಿ ಕರಗದ ಆಚರಣೆಗೆಂದು ಒಂದು ಪುಟ್ಟ ಕೊಳ ಉಳಿದಿದೆ. ಶಾಸ್ತ್ರ ಇದ್ದಲ್ಲಿ ಅಷ್ಟಾದರೂ ಉಳಿಯಿತು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಮಾತ್ರ ಬೇರೆ ಕಥೆ. 2009ರಿಂದ ಅಕ್ಕಪಕ್ಕದ ನಿವಾಸಿಗಳು ಪಾಲಿಕೆಯ ಜೊತೆ ಕೂತು, ಹಕ್ಕಿಗೆ ಏನು ಬೇಕು, ದನ ಕಟ್ಟಿದವರಿಗೆ ಹುಲ್ಲು ಎಲ್ಲಿಂದ ಎಂದೆಲ್ಲ ಲೆಕ್ಕ ಹಾಕಿ ಕೆರೆಯನ್ನು ಬದುಕಿಸಿಕೊಂಡರು. ಅಲ್ಲಿ ಓಡಾಡುವ ಜನ ನಮ್ಮಂಥವರೇ, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡವರು.

ಮುಂಬಯಿಯಲ್ಲಿ ನಿಜವಾಗಿಯೂ ಕೆಟ್ಟುಹೋಗಿದ್ದ ನೆಲವನ್ನು ಎಬ್ಬಿಸಿದ ಉದಾಹರಣೆಯೂ ಇದೆ. ಧಾರಾವಿಯ ಪಕ್ಕ, ಮಿಠಿ ನದಿಯ ದಡದ ಮಹಾರಾಷ್ಟ್ರ ನೇಚರ್ ಪಾರ್ಕ್. ಅದು ನಗರದ ಕಸ ಸುರಿಯುವ ಜಾಗವಾಗಿತ್ತು. 1970ರ ದಶಕದಲ್ಲಿ ಕಸ ನಿಂತಿತು, 1983ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಮೊದಲ ಗಿಡ ನೆಟ್ಟರು, 1994ರಲ್ಲಿ ಜನರಿಗೆ ತೆರೆಯಿತು. ಇವತ್ತು 37 ಎಕರೆ ಕಾಡು. ಗಿಡ ನೆಟ್ಟ ದಿನಕ್ಕೂ ಬಾಗಿಲು ತೆರೆದ ದಿನಕ್ಕೂ ನಡುವೆ ಹನ್ನೊಂದು ವರ್ಷ. ಮೂರು ತಿಂಗಳಿಗೊಮ್ಮೆ ಗುರಿ ಮುಟ್ಟಿಸಬೇಕಾದ ನನ್ನಂಥ ಮ್ಯಾನೇಜರನಿಗೆ ಆ ಹನ್ನೊಂದು ವರ್ಷ ಮರಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿತು.

ಈಗ ತೊಡಕಿನ ಭಾಗಕ್ಕೆ ಬರುತ್ತೇನೆ. ನವಿ ಮುಂಬಯಿಯ ಹೋಲ್ಡಿಂಗ್ ಪಾಂಡುಗಳಲ್ಲಿ ವರ್ಷದಿಂದ ವರ್ಷಕ್ಕೆ ಹೂಳು ತುಂಬಿದೆ. ಹೂಳು ಸಿಕ್ಕಲ್ಲಿ ಕಾಂಡ್ಲಾ ಬರುತ್ತದೆ, ಯಾರೂ ನೆಡಬೇಕಿಲ್ಲ. ಕಾಂಡ್ಲಾ ಬಂದಲ್ಲಿ ಕಾನೂನು ಬರುತ್ತದೆ. ಬಾಂಬೆ ಹೈಕೋರ್ಟು 2005ರಲ್ಲಿ ಮಧ್ಯಂತರವಾಗಿ, 2018ರಲ್ಲಿ ಅಂತಿಮವಾಗಿ ಹೇಳಿದ್ದು: ಕಾಂಡ್ಲಾ ಕಡಿಯಕೂಡದು, ಅದರ ಸುತ್ತ 50 ಮೀಟರಿನಲ್ಲಿ ಕಟ್ಟುವಂತಿಲ್ಲ, ಮಣ್ಣು ಸುರಿಯುವಂತಿಲ್ಲ. ಸಾರ್ವಜನಿಕ ಅಗತ್ಯವಿದ್ದರೆ ಕೋರ್ಟಿನ ಅನುಮತಿ ತರಬೇಕು. ಹೂಳೆತ್ತಿದರೆ ಕಾಂಡ್ಲಾ ಹೋಗುತ್ತದೆ. ಎತ್ತದಿದ್ದರೆ ಹೊಂಡದ ಹೊಟ್ಟೆ ಚಿಕ್ಕದಾಗಿ ಬೇಲಾಪುರದ ರಸ್ತೆಗೆ ನೀರು ಬರುತ್ತದೆ. ಪ್ರವಾಹಕ್ಕೆ ಹೆದರುವವರೂ ಸರಿ, ಗಿಡಕ್ಕೆ ಅಡ್ಡನಿಲ್ಲುವವರೂ ಸರಿ.

ಊರಲ್ಲೂ ಇದೇ ಜಗಳ. ಒಡೆದುಹೋದ ಗಜನಿಗಳಲ್ಲಿ ಕಾಂಡ್ಲಾ ದಟ್ಟವಾಗಿದೆ; ಏಡಿ, ಮೀನು, ಹಕ್ಕಿ ಹೆಚ್ಚಿವೆ. ಮಾಣಿಕಟ್ಟಾದ ಕಡೆ ಕಗ್ಗವನ್ನು ಉಳಿಸಿಕೊಂಡ ರೈತರಿಗೆ ಕಟ್ಟಿನ ಮೇಲೆ ಬೇರು ಬಿಟ್ಟ ಕಾಂಡ್ಲಾ ಒಮ್ಮೆ ರಕ್ಷಣೆ, ಒಮ್ಮೆ ತಲೆನೋವು. ಠಾಣೆ ಖಾಡಿ 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು, ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ. ನನ್ನ ಎರಡೂ ಊರುಗಳ ಕೆಸರು ಈಗ ಅಂತರರಾಷ್ಟ್ರೀಯ ಮಹತ್ವದ್ದು. ಪಾಲುಪಟ್ಟಿಯಲ್ಲಿ ಸೊನ್ನೆ ಹಾಕಿದವನಿಗೆ ಇದನ್ನು ಓದುವಾಗ ಕಿವಿ ಬಿಸಿಯಾಯಿತು.

ನನಗೆ ತೋರುವುದು ಹೀಗೆ. ಈ ತೊಡಕು ಹುಟ್ಟುವುದು ಬಾಗಿಲು ಕಾಯುವವರು ಇಲ್ಲದಾಗ. ಗಜನಿಯಲ್ಲಿ ಪ್ರತಿ ವರ್ಷ ಹೂಳು ತೆಗೆಯುತ್ತಿದ್ದರು, ಕಟ್ಟಿಗೆ ಮಣ್ಣು ಕೊಡುತ್ತಿದ್ದರು; ಕಾಂಡ್ಲಾ ಎಲ್ಲಿ ಇರಬೇಕು ಎಲ್ಲಿ ಬೇಡ ಎಂಬುದು ಗಿಡ ಗೇಣುದ್ದ ಇರುವಾಗಲೇ ತೀರ್ಮಾನವಾಗುತ್ತಿತ್ತು. ಹೋಲ್ಡಿಂಗ್ ಪಾಂಡು ಕಟ್ಟಿದವರು ಬಾಗಿಲನ್ನು ತಂದರು, ಬಾಗಿಲಿಗೆ ಪಾಲುದಾರರನ್ನು ತರಲಿಲ್ಲ. ಮೂವತ್ತು ವರ್ಷ ಬಿಟ್ಟು ಕಾಡಾದ ಮೇಲೆ ಕೋರ್ಟಿಗೆ ಹೋದರೆ ನ್ಯಾಯಾಧೀಶರು ತಾನೇ ಏನು ಮಾಡಿಯಾರು?

2005ರ ಜುಲೈ 26 ನಮ್ಮಲ್ಲಿ ಹಲವರಿಗೆ ನೆನಪಿದೆ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಮಧ್ಯಾಹ್ನ ದೊಡ್ಡ ಭರತವೂ ಅದೇ ಹೊತ್ತಿಗೆ. ನಾನು ಆಗ ಹೊಸಬ. ಮರುದಿನ ಠಾಣೆ ಸ್ಟೇಶನ್ನಿನಿಂದ ಕಳವಾ ಸೇತುವೆ ದಾಟಿ ನಡೆದು ಬಂದೆ. ಸೇತುವೆಯ ಮೇಲೆ ನಿಂತು ನೋಡಿದರೆ ಖಾಡಿ ಯಾವುದು, ಊರು ಯಾವುದು ತಿಳಿಯುತ್ತಿರಲಿಲ್ಲ. ಕಳವಾ ಇರುವುದೇ ಹಾಗೆ: ದಕ್ಷಿಣದಿಂದ ಠಾಣೆ ಖಾಡಿಯ ನೀರು, ಉತ್ತರದಿಂದ ಉಲ್ಹಾಸ್ ನದಿಯ ನೀರು, ಬೆನ್ನಿಗೆ ಪಾರಸಿಕ್ ಗುಡ್ಡ. ಆಗ ನಮ್ಮ ಕಟ್ಟಡ ಇರಲಿಲ್ಲ. ಆ ರಾತ್ರಿ ಎರಡು ಎಕರೆ ತಗ್ಗಿನಲ್ಲಿ ಎಷ್ಟು ನೀರು ಕೂತಿತ್ತು ಎಂದು ಈಚೆಗೆ ಕಾಕಾನನ್ನು ಕೇಳಿದೆ. ಅವರು ತಮ್ಮ ಎದೆಯ ಮಟ್ಟ ತೋರಿಸಿದರು. “ಆದರೆ ಗಾಂವ್‌ಠಾಣದ ನಮ್ಮ ಹಳೇ ಮನೆಗೆ ಬರಲಿಲ್ಲ” ಅಂದರು.

ಒಂದೂವರೆ ಮೀಟರ್ ಮಣ್ಣು ತುಂಬಿಸಿದರೆ ಎರಡು ಎಕರೆಯಲ್ಲಿ ಸುಮಾರು ಹನ್ನೆರಡು ಸಾವಿರ ಘನ ಮೀಟರ್ ನೀರಿನ ಜಾಗ ಹೋಗುತ್ತದೆ. ಒಂದು ಕೋಟಿ ಇಪ್ಪತ್ತು ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 1,200 ಟ್ಯಾಂಕರು. ಇದು ಹತ್ತನೇ ಕ್ಲಾಸಿನ ಗುಣಾಕಾರ. ಮೇ ತಿಂಗಳಲ್ಲಿ ಸ್ಲೈಡು ಮಾಡುವಾಗ ನಾನು ಲಾನಿನ ಚದರಡಿ ಲೆಕ್ಕ ಹಾಕಿದ್ದೆ, ಇದನ್ನು ಹಾಕಿರಲಿಲ್ಲ. ಬೇಸ್‌ಮೆಂಟ್ ಪಾರ್ಕಿಂಗ್ ಇರುವ ಸೊಸೈಟಿಯವರಿಗೆ ಈ ಅಂಕಿ ತೋರಿಸಿದಾಗ ಕಾರಂಜಿಗೆ ಬಿದ್ದ ಚಪ್ಪಾಳೆಗಿಂತ ಹೆಚ್ಚು ಗಮನ ಸಿಕ್ಕಿತು ಎಂದು ಇಲ್ಲೇ ಹೇಳಿಬಿಡುತ್ತೇನೆ.

ಜೂನ್ ಮೊದಲ ವಾರ ಕಾಕಾ ನನ್ನನ್ನು ಗೋಡೆಯಾಚೆಗೆ ಕರೆದುಕೊಂಡು ಹೋದರು. ಗಂಬೂಟು ಹಾಕಿಕೊಂಡಿದ್ದೆ, ಅವರು ಬರಿಗಾಲಲ್ಲಿ. ಖಾಡಿಯ ಬದಿಯ ಮೂಲೆಯಲ್ಲಿ ಬಳ್ಳಿ ಸರಿಸಿ ತೋರಿಸಿದರು: ಎರಡು ಕಲ್ಲಿನ ಕಂಬ, ನಡುವೆ ನಾಲ್ಕು ಅಡಿ ಸಂದು, ಎರಡೂ ಕಂಬದಲ್ಲಿ ಹಲಗೆ ಇಳಿಸಲು ಕೊರೆದ ಗಾಡಿ. ಉಘಾಡಿ. ಅದರ ಮುಂದೆ ರಸ್ತೆ ಮಾಡುವಾಗ ಹಾಕಿದ ಪೈಪು, ಪೈಪಿನ ಬಾಯಲ್ಲಿ ಪ್ಲಾಸ್ಟಿಕ್ಕು, ತೆಂಗಿನ ಚಿಪ್ಪು, ಒಂದು ದೇವರ ಫೋಟೋ. ಆ ಗಾಡಿಯಲ್ಲಿ ಬೆರಳಾಡಿಸಿದಾಗ ಅಜ್ಜ ಹಲಗೆ ಇಳಿಸುವಾಗಿನ ಕಿರ್ರ್ ಸದ್ದು ಕೇಳಿದಂತಾಯಿತು. ನಾನು ಆಗ ಆರೇಳು ವರ್ಷದವನಿರಬೇಕು.

ಹೊಸ ನಕಾಶೆ ಮಾಡಿದ್ದೇನೆ. ಇದರಲ್ಲಿ ಮುರುಮ್ ಇಲ್ಲ. ತಗ್ಗು ಹಾಗೆಯೇ ಇರುತ್ತದೆ. ಕಾಂಡ್ಲಾದಿಂದ ಐವತ್ತು ಮೀಟರ್ ಒಳಗೆ ಏನೂ ಇಲ್ಲ. ಹಾಗೆ ನೋಡಿದರೆ ನನ್ನ ಮೊದಲ ಯೋಜನೆ ಕಾನೂನಿನ ಮುಂದೆ ಒಂದು ದಿನವೂ ನಿಲ್ಲುತ್ತಿರಲಿಲ್ಲ. ನಮ್ಮ ಗೋಡೆಯ ಬದಿಗೆ, ಈಗಲೇ ಎತ್ತರವಿರುವ ಹಳೆಯ ಕಟ್ಟಿನ ಮೇಲೆ ಕಾಲುದಾರಿ, ನಾಲ್ಕು ಬೆಂಚು, ಹೊಂಗೆ ಮತ್ತು ಉಂಡಿ ಮರ. ಬೇಸಿಗೆಯಲ್ಲಿ ತಗ್ಗಿನ ಒಣಗಿದ ಭಾಗದಲ್ಲಿ ಮಕ್ಕಳು ಕ್ರಿಕೆಟ್ ಆಡಬಹುದು, ಮಳೆಗಾಲದಲ್ಲಿ ಅದು ನೀರಿಗೆ. ಉಘಾಡಿಯ ಜಾಗದಲ್ಲಿ ಒಮ್ಮುಖ ಬಾಗಿಲು, ಪೈಪಿನ ಬಾಯಿಗೆ ಜಾಳಿಗೆ. ಬಾಗಿಲು ನೋಡಿಕೊಳ್ಳುವ ಜವಾಬ್ದಾರಿ ಯಾರದು ಎಂಬ ಕಾಲಂನಲ್ಲಿ ಪಾಲಿಕೆಯ ವಿಭಾಗದ ಜೊತೆಗೆ ಅಕ್ಕಪಕ್ಕದ ಮೂರು ಸೊಸೈಟಿಗಳ ಹೆಸರು ಹಾಕಿದ್ದೇನೆ. ಆ ಕಾಲಂಗೆ ಇನ್ನೂ ಯಾರೂ ಸಹಿ ಮಾಡಿಲ್ಲ. ಎರಡು ಸೊಸೈಟಿಯವರು ಮೆಂಟೆನೆನ್ಸ್ ಎಷ್ಟು ಏರುತ್ತದೆ ಎಂದು ಕೇಳಿದ್ದಾರೆ. ನಮ್ಮಲ್ಲೇ ಒಬ್ಬರು, ಸೊಳ್ಳೆಯ ಕಥೆ ಏನು ಎಂದು ಕೇಳಿದರು, ನ್ಯಾಯವಾದ ಪ್ರಶ್ನೆ. ದಿನಕ್ಕೆರಡು ಸಲ ನೀರು ಆಡುತ್ತಿದ್ದರೆ, ಮೀನು ಬರುತ್ತಿದ್ದರೆ ಸೊಳ್ಳೆ ಕಡಿಮೆ; ಪೈಪು ಕಟ್ಟಿಕೊಂಡು ನಿಂತ ಈಗಿನ ನೀರಲ್ಲೇ ಹೆಚ್ಚು. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಮನವಿ ವಾರ್ಡ್ ಆಫೀಸಿನಲ್ಲಿದೆ. ಅಲ್ಲಿಯವರೆಗೆ ಮಾಡಲು ಕಾಕಾ ನನಗೊಂದು ಕೆಲಸ ಕೊಟ್ಟಿದ್ದಾರೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದ ದಿನ ಉಘಾಡಿಯ ಕಂಬದ ಮೇಲೆ ನೀರು ಎಲ್ಲಿಯವರೆಗೆ ಬಂತು ಎಂದು ಗೀಟು ಹಾಕಿ ಪಕ್ಕದಲ್ಲಿ ತಾರೀಖು ಬರೆಯುವುದು. ಸುಣ್ಣ ಮಳೆಗೆ ತೊಳೆದುಹೋಗುತ್ತದೆಂದು ಆಯಿಲ್ ಪೇಂಟಿನ ಚಿಕ್ಕ ಡಬ್ಬಿ ತಂದಿಟ್ಟುಕೊಂಡಿದ್ದೇನೆ. ಇಲ್ಲಿಯವರೆಗೆ ಏಳು ಗೀಟು ಆಗಿವೆ. ನಾನು ಆನ್‌ಸೈಟಿಗೆ ಹೋಗಿದ್ದ ಎರಡು ಹುಣ್ಣಿಮೆಗೆ ಎಂಟನೇ ಕ್ಲಾಸಿನ ನನ್ನ ಮಗಳು ಗೀಟು ಹಾಕಿದ್ದಾಳೆ; ಅವಳ ತಾರೀಖುಗಳು ಮರಾಠಿ ಅಂಕಿಯಲ್ಲಿವೆ, ನನ್ನವು ಕನ್ನಡದಲ್ಲಿ.